ಪಕ್ಕದ ಜಮೀನಿಗೆ ಎಐ ಡೇಟಾ ಸೆಂಟರ್ ಬಂದರೆ ನಮ್ಮ ಬೋರ್‌ವೆಲ್ ಗತಿ ಏನು?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ದೇವನಹಳ್ಳಿ ತಾಲ್ಲೂಕು. ಒಂದೂವರೆ ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ಇದೆ. ಮೂರು ಬೋರ್ ಕೊರೆಸಿದೆ, ಎರಡು ಫೇಲ್. ಮೂರನೆಯದರಲ್ಲಿ 1,250 ಅಡಿಗೆ ಒಂದೂವರೆ ಇಂಚು ನೀರು ಸಿಕ್ಕಿದೆ. ಈಗ ಪಕ್ಕದಲ್ಲೇ ಎಐ ಡೇಟಾ ಸೆಂಟರ್ ಬರುತ್ತದಂತೆ. ಜಾಗ ನೋಡಲು ಬಂದವರು "ನಮ್ಮದು ಕ್ಲೋಸ್ಡ್ ಲೂಪ್, ನೀರು ಒಳಗೇ ಸುತ್ತುತ್ತದೆ, ಚಿಂತೆ ಬೇಡ" ಅಂದರು. ನಂಬಬಹುದಾ?

ಉತ್ತರ: ದೊಡ್ಡ ಕಟ್ಟಡಗಳ ಕೂಲಿಂಗ್ ಡಿಸೈನ್ ಮಾಡುವುದೇ ನನ್ನ ಕೆಲಸ. ಅವರನ್ನು ಒಂದೇ ಮಾತು ಕೇಳಿ: ಯಾವ ಲೂಪ್ ಕ್ಲೋಸ್ಡ್?

ಡೇಟಾ ಸೆಂಟರ್ ಅಂದರೆ ಹಗಲು ರಾತ್ರಿ ಓಡುವ ದೊಡ್ಡ ಕಂಪ್ಯೂಟರ್ (ಸರ್ವರ್) ತುಂಬಿದ ಕಟ್ಟಡ; ಲೂಪ್ ಅಂದರೆ ನೀರು ಸುತ್ತುವ ಪೈಪ್ ಸಾಲು. ಒಳಗಿನ ಲೂಪ್ ಸರ್ವರ್‌ಗಳ ಬಿಸಿಯನ್ನು ಎತ್ತಿಕೊಂಡು ಬರುತ್ತದೆ. ಆ ನೀರು ಪೈಪ್ ಬಿಟ್ಟು ಹೊರಗೆ ಬರುವುದಿಲ್ಲ, ನಿಜ. ಆದರೆ ಆ ಬಿಸಿಯನ್ನು ಎಲ್ಲಾದರೂ ಬಿಡಬೇಕಲ್ವಾ? ಅದಕ್ಕೆ ಎಷ್ಟೋ ಕಡೆ ಹೊರಗೆ ಕೂಲಿಂಗ್ ಟವರ್ ಇಡುತ್ತಾರೆ. ಮೇಲಿಂದ ನೀರು ಸುರಿಸಿ ಫ್ಯಾನ್ ಗಾಳಿ ಹಾಯಿಸುತ್ತಾರೆ. ಒಂದಷ್ಟು ನೀರು ಆವಿಯಾಗಿ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ, ಮಣ್ಣಿನ ಮಡಕೆ ನೀರು ತಣ್ಣಗಾಗುವ ಹಾಗೆ. ಹೋದ ನೀರು ಹೋಯಿತು. ಉಳಿದ ನೀರಿನಲ್ಲಿ ಉಪ್ಪು ಹೆಚ್ಚುತ್ತಾ ಹೋಗುವುದರಿಂದ ಅದನ್ನೂ ಆಗಾಗ ಹೊರಗೆ ಬಿಡಲೇಬೇಕು. ಅದು ನಿಮ್ಮ ತೋಟದ ಕಡೆ ಹರಿದರೆ ದ್ರಾಕ್ಷಿ ತಡೆಯುವುದಿಲ್ಲ.

ಲೆಕ್ಕ ನೋಡಿ. ಒಂದು ಯೂನಿಟ್ ಕರೆಂಟಿನ ಬಿಸಿಯನ್ನು ಬರೀ ಆವಿಯಿಂದ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಬೇಕು. 10 ಮೆಗಾವ್ಯಾಟ್ ಸೆಂಟರ್ ಪೂರ್ತಿ ಲೋಡ್‌ನಲ್ಲಿ ದಿನಕ್ಕೆ 2,40,000 ಯೂನಿಟ್ ಸುಡುತ್ತದೆ. ಅಂದರೆ 3,60,000 ಲೀಟರ್. 12,000 ಲೀಟರಿನ ಟ್ಯಾಂಕರ್ 30, ಪ್ರತಿದಿನ. ಎಐ ಬಂದ ಮೇಲಂತೂ ಸರ್ವರ್ ಜೋಡಿಸಿಡುವ ಮಾಮೂಲಿ ರ‍್ಯಾಕ್‌ಗೆ 5ರಿಂದ 10 ಕಿಲೋವ್ಯಾಟ್ ಸಾಕಾಗುತ್ತಿದ್ದ ಕಡೆ 100 ಕಿಲೋವ್ಯಾಟ್ ದಾಟುವ ರ‍್ಯಾಕ್‌ಗಳು ಬಂದಿವೆ, ಬಿಸಿಯೂ ಅಷ್ಟೇ ಜಾಸ್ತಿ.

ಟವರ್ ಬದಲು ಏರ್ ಕೂಲ್ಡ್ ಚಿಲ್ಲರ್ (ಬಿಸಿಯನ್ನು ಬರೀ ಗಾಳಿಗೆ ಬಿಡುವ ಯಂತ್ರ) ಹಾಕಿದರೆ ನೀರು ತೀರಾ ಕಡಿಮೆ ಸಾಕು. ಕರೆಂಟ್ ಬಿಲ್ ಜಾಸ್ತಿ ಬರುತ್ತದೆ, ಅಷ್ಟೇ. ಆ ಬಿಲ್ ಕಂಪನಿ ಕಟ್ಟಬೇಕು, ನಿಮ್ಮ ಬೋರ್ ಅಲ್ಲ.

ಪ್ರಶ್ನೆ: ಊರಿನವರನ್ನು ಕರೆದು ಸಭೆ ಮಾಡುತ್ತಾರಾ? ಸಂಸ್ಕರಿಸಿದ ನೀರು ಬಳಸುತ್ತೇವೆ ಅಂತಲೂ ಹೇಳುತ್ತಿದ್ದಾರೆ.

ಉತ್ತರ: ನನಗೆ ಹೊಟ್ಟೆ ಉರಿಯುವುದೇ ಇಲ್ಲಿ. 2006ರ ಇಐಎ (ಪರಿಸರ ಪರಿಣಾಮ ಮೌಲ್ಯಮಾಪನ) ಅಧಿಸೂಚನೆಯಲ್ಲಿ ಡೇಟಾ ಸೆಂಟರ್ ಕಟ್ಟಡಗಳ ಪಟ್ಟಿಗೆ ಸೇರಿಬಿಡುತ್ತದೆ. 20,000 ಚದರ ಮೀಟರ್ ಮೇಲಿದ್ದರೆ ಪರಿಸರ ಅನುಮತಿ ಬೇಕು. ಆದರೆ ಆ ಪಟ್ಟಿಯ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ದಿನಕ್ಕೆ 30 ಟ್ಯಾಂಕರ್ ಕುಡಿಯಬಲ್ಲ ಕಟ್ಟಡಕ್ಕೂ ಅದೇ ವಿನಾಯಿತಿ. ನಿಮ್ಮ ತಾಲ್ಲೂಕಿನಲ್ಲೋ, ಮಳೆಯಿಂದ ಇಂಗುವುದಕ್ಕಿಂತ ಮೇಲೆತ್ತುವ ನೀರೇ ಜಾಸ್ತಿ.

ಸಂಸ್ಕರಿಸಿದ ನೀರು ಬೋರ್ ನೀರಿಗಿಂತ ವಾಸಿ. ಆದರೂ ಅದು ಎಲ್ಲಿಂದ ಬರುತ್ತದೆ ಅಂತ ಕೇಳಿ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಿಮ್ಮ ಕಡೆಯ ಕೆರೆ ತುಂಬಿಸಿ ಅಂತರ್ಜಲ ಏರಿಸಲಿಕ್ಕೆಂದು ತಂದದ್ದು. ಅದರಲ್ಲೇ ಪಾಲು ಕೇಳಿದರೆ ಸುತ್ತಿ ಬಳಸಿ ನಿಮ್ಮ ಬೋರಿಗೇ ಕೈ ಹಾಕಿದಂತೆ.

ಬಾಯಿಮಾತು ಸಾಲದು, ಬರಹದಲ್ಲಿ ಕೇಳಿ. ಅಮೆರಿಕದ ಒರೆಗಾನ್ ರಾಜ್ಯದ ದಿ ಡಾಲ್ಸ್ ಎಂಬ ಸಣ್ಣ ಊರಿನಲ್ಲಿ ಗೂಗಲ್ ಎಷ್ಟು ನೀರು ಬಳಸುತ್ತದೆ ಅಂತ ಪತ್ರಿಕೆಯವರು ಕೇಳಿದರು. ಹೇಳುವುದಿಲ್ಲವೆಂದು ಊರಿನ ಆಡಳಿತವೇ ಕೋರ್ಟಿಗೆ ಹೋಯಿತು. ಕೊನೆಗೆ ಅಂಕಿ ಹೊರಬಂದಾಗ 2021ರಲ್ಲಿ ಊರಿನ ನೀರಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಅಲ್ಲಿಗೇ ಹೋಗಿತ್ತು.

ಗುಂಪಿನ ಇನ್ನೊಬ್ಬ ಸದಸ್ಯರು: ಕರೆಂಟ್ ಹೋದಾಗ ಓಡಿಸುವ ಜನರೇಟರ್ ಹೊಗೆ ಬಗ್ಗೆಯೂ ಹೇಳಿ ಮೇಡಂ.

ಉತ್ತರ: ಎಷ್ಟು ಜನರೇಟರ್, ತಿಂಗಳಿಗೆ ಎಷ್ಟು ಗಂಟೆ ಟೆಸ್ಟ್ ರನ್, ಚಿಮಣಿ ಎತ್ತರ ಎಷ್ಟು, ಈ ಮೂರನ್ನೂ ಕೇಳಿ. ಅಮೆರಿಕದ ಮೆಂಫಿಸ್‌ನಲ್ಲಿ ಇಲಾನ್ ಮಸ್ಕ್ ಅವರ ಎಐ ಕಂಪನಿ ಎಕ್ಸ್‌ಎಐ ಸೆಂಟರ್ ಇರುವುದು ಬಾಕ್ಸ್‌ಟೌನ್ ಹತ್ತಿರ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು ಕಟ್ಟಿಕೊಂಡ ಬಡಾವಣೆ ಅದು. 2024ರಿಂದ ಅಲ್ಲಿ ಸೆಂಟರಿಗೆ ಕರೆಂಟ್ ತಯಾರಿಸುವ ಗ್ಯಾಸ್ ಟರ್ಬೈನ್‌ಗಳು ಪರ್ಮಿಟ್ ಇಲ್ಲದೆ ತಿಂಗಳುಗಟ್ಟಲೆ ಓಡಿದವು. ತಾತ್ಕಾಲಿಕ ಯಂತ್ರಕ್ಕೆ ಪರ್ಮಿಟ್ ಬೇಡ ಅನ್ನುವುದು ಕಂಪನಿಯ ಕಡೆಯ ವಾದ. 15 ಟರ್ಬೈನ್‌ಗೆ ಪರ್ಮಿಟ್ ಸಿಕ್ಕಿದ್ದು 2025ರ ಜುಲೈಯಲ್ಲಿ. ಅಷ್ಟು ದಿನ ಆ ಹೊಗೆ ಕುಡಿದವರು ಅಕ್ಕಪಕ್ಕದವರೇ.

ಪ್ರಶ್ನೆ ಕೇಳಿದ ಅಣ್ಣನಿಗೆ: ಪರಿಸರ ಅನುಮತಿಗೆ ಅರ್ಜಿ ಹಾಕಿದ್ದಾರಾ ಅಂತ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಆರ್‌ಟಿಐ ಹಾಕಿ ಸ್ಥಾಪನಾ ಸಮ್ಮತಿಯ (ಕಟ್ಟುವ ಮುಂಚೆ ಮಂಡಳಿ ಕೊಡುವ ಒಪ್ಪಿಗೆ) ಅರ್ಜಿ ನಕಲು ಕೇಳಿ. ನೀರಿನ ಮೂಲ, ದಿನದ ಪ್ರಮಾಣ ಅದರಲ್ಲಿ ಬರೆದಿರಬೇಕು. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ಅದರಿಂದ ಕೆಲಸ ನಿಲ್ಲದಿದ್ದರೂ ದಾಖಲೆ ಉಳಿಯುತ್ತದೆ. ಮತ್ತೆ, ಪಾಯ ಅಗೆಯುವ ಮುಂಚೆ ನಿಮ್ಮ ಬೋರ್ ಅಳತೆ ತೆಗೆದಿಡಿ. ಒಂದು ಗಂಟೆ ಪಂಪ್ ಓಡಿಸಿ, ಆಮೇಲೆ 200 ಲೀಟರ್ ಡ್ರಮ್ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ಅಂತ ವಿಡಿಯೊ ಮಾಡಿ. ಪ್ರತಿ ತಿಂಗಳೂ ಮಾಡಿ. ನಾಳೆ "ನಿಮ್ಮ ಬೋರ್ ಮೊದಲೇ ಬತ್ತಿತ್ತು" ಅಂದರೆ ತೋರಿಸಲು ನಿಮ್ಮ ಹತ್ತಿರ ಏನಾದರೂ ಇರಬೇಕು.

ಪ್ರಶ್ನೆ ಕೇಳಿದವರು: ಬೆಳಿಗ್ಗೆ ಮಾಡಿದೆ ಮೇಡಂ. ಡ್ರಮ್ ತುಂಬಲು 8 ನಿಮಿಷ 30 ಸೆಕೆಂಡ್. ಪಕ್ಕದ ತೋಟದ ನಾಲ್ಕು ಬೋರ್‌ಗಳದೂ ಇವತ್ತು ಸಂಜೆ ತೆಗೆಯುತ್ತೇವೆ.