ವಿಲ್ ಇಲ್ಲ, ಮನೆಯಲ್ಲಿ ಜಗಳವೂ ಇಲ್ಲ: ವಕೀಲರಿಲ್ಲದೆ ಅಪ್ಪನ ಆಸ್ತಿ ವರ್ಗಾವಣೆ ಆಗುತ್ತಾ?

ರಾಜಾಜಿನಗರ_2ನೇಬ್ಲಾಕ್:
ತಂದೆ ತೀರಿಕೊಂಡು ಎರಡು ತಿಂಗಳಾಯಿತು. ವಿಲ್ ಬರೆದಿಲ್ಲ. ಮನೆ ಅವರ ಸ್ವಯಾರ್ಜಿತ, ಖಾತೆ ಅವರೊಬ್ಬರ ಹೆಸರಲ್ಲಿದೆ. ಒಂದು ಬ್ಯಾಂಕಿನ ಎಫ್‌ಡಿಗೆ ಅಮ್ಮ ನಾಮಿನಿ. ಸಹಕಾರಿ ಬ್ಯಾಂಕಿನಲ್ಲಿರುವ 4 ಲಕ್ಷದ ಠೇವಣಿಗೆ ನಾಮಿನಿಯೇ ಇಲ್ಲ. ಒಂದು ಕಾರಿದೆ. ಮಕ್ಕಳು ನಾನು ಮತ್ತು ಮದುವೆಯಾದ ತಂಗಿ. ಅಪ್ಪನ ತಾಯಿ ತುಮಕೂರಿನಲ್ಲಿ ಚಿಕ್ಕಪ್ಪನ ಜೊತೆ ಇದ್ದಾರೆ. ಮನೆ ಅಮ್ಮನ ಹೆಸರಿಗೆ ಆಗಲಿ ಅಂತ ಎಲ್ಲರೂ ಒಪ್ಪಿದ್ದಾರೆ. ತಂಗಿ ತನ್ನ ಪಾಲು ಬೇಡ ಅಂತ ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿ ಕೊಡ್ತೀನಿ ಅಂತಿದ್ದಾಳೆ. ಅಷ್ಟು ಸಾಕಾ?

ಖಾತೆ_ಪುರಾಣ:
ಸಾಲದು. ಸ್ಥಿರಾಸ್ತಿಯ ಹಕ್ಕು ಬಿಡುಗಡೆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನೋಟರಿ ಸೀಲು ಎಷ್ಟು ದೊಡ್ಡದಿದ್ದರೂ ಹಕ್ಕು ಕೈ ಬದಲಾಗುವುದಿಲ್ಲ. ನಾಳೆ ಮನೆ ಮಾರಲು ಹೋದಾಗ, ಸಾಲ ಕೊಡುವ ಬ್ಯಾಂಕು ಮೊದಲು ಹಿಡಿಯುವುದೇ ಇದನ್ನು.

ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಅಜ್ಜಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿ, ಮಗ, ಮಗಳ ಜೊತೆ ತಾಯಿಯೂ ಮೊದಲ ವರ್ಗದ ವಾರಸುದಾರಳು. ಹಾಗಾಗಿ ನಿಮ್ಮಲ್ಲಿ ನಾಲ್ಕು ಪಾಲು, ತಲಾ ಕಾಲು ಭಾಗ. ಚಿಕ್ಕಪ್ಪನಿಗೆ ಸದ್ಯ ಏನೂ ಇಲ್ಲ. ಆದರೆ ಅಜ್ಜಿ ಪತ್ರ ಮಾಡಿಕೊಡುವ ಮೊದಲೇ ತೀರಿಕೊಂಡರೆ, ಅವರ ಕಾಲು ಭಾಗ ಅವರ ಮಕ್ಕಳಿಗೆಲ್ಲ ಹಂಚಿಹೋಗುತ್ತದೆ. ಆಗ ಚಿಕ್ಕಪ್ಪ, ಅತ್ತೆಯರು ಇದ್ದರೆ ಅವರು, ಎಲ್ಲರ ಸಹಿ ಬೇಕು. ಆದ್ದರಿಂದ ಬಿಡುಗಡೆ ಪತ್ರಕ್ಕೆ ನೀವು, ತಂಗಿ, ಅಜ್ಜಿ ಮೂವರೂ ಸಹಿ ಹಾಕಬೇಕು. ಅದೂ ತಡ ಮಾಡದೆ. 'ನನ್ನ ಹಕ್ಕು ಬಿಟ್ಟಿದ್ದೇನೆ' ಎಂದಷ್ಟೇ ಬರೆಯಬೇಡಿ, 'ಅಮ್ಮನ ಪರವಾಗಿ' ಎಂದು ಅವರ ಹೆಸರು ನಮೂದಿಸಿ, ಆಸ್ತಿಯ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ ವಿವರ) ಮೂಲ ಕ್ರಯಪತ್ರದಲ್ಲಿರುವಂತೆಯೇ ಎತ್ತಿ ಬರೆಯಿರಿ.

ಈಗ ಕ್ರಮ. ಮರಣ ಪ್ರಮಾಣಪತ್ರದ ಐದಾರು ಪ್ರತಿ ಇಟ್ಟುಕೊಳ್ಳಿ. ನಾಡಕಚೇರಿಯಲ್ಲಿ ವಂಶವೃಕ್ಷ ದೃಢೀಕರಣಕ್ಕೆ ಅರ್ಜಿ ಕೊಡಿ. ಆಮೇಲೆ ಗ್ರಾಮ ಆಡಳಿತ ಅಧಿಕಾರಿ ವಿಚಾರಣೆಗೆ ಬರುತ್ತಾರೆ. ಅಜ್ಜಿಯ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ, ಅದು ಸುಳ್ಳು ಅಫಿಡವಿಟ್ ಆಗುತ್ತದೆ. ವಂಶವೃಕ್ಷ ಬಂದ ಮೇಲೆ ಕಂದಾಯ ಬಾಕಿ ತೀರಿಸಿ, ಖಾತೆಯನ್ನು ನಾಲ್ವರ ಹೆಸರಿಗೆ ಜಂಟಿಯಾಗಿ ಮಾಡಿಸಿ. ಬೆಂಗಳೂರಿನಲ್ಲಿ ಈಗ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ, ಹಾಗಾಗಿ ಖಾತೆ ಮೊದಲು, ಬಿಡುಗಡೆ ಪತ್ರ ಆಮೇಲೆ. ಪತ್ರದ ವಿವರವನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತುಂಬಿ, ದಿನ ನಿಗದಿ ಮಾಡಿಕೊಳ್ಳಬೇಕು. ನೋಂದಣಿಯಾದ ಮೇಲೆ ಇ.ಸಿ. (ಋಣಭಾರ ಪ್ರಮಾಣಪತ್ರ, ಆಸ್ತಿಯ ಮೇಲಾದ ನೋಂದಣಿಗಳ ಪಟ್ಟಿ) ತೆಗೆದು ನೋಡಿ. ಅದರಲ್ಲಿ ಬಿಡುಗಡೆ ಪತ್ರ ಕಂಡ ಮೇಲೆ ಅಮ್ಮನ ಹೆಸರಿಗೆ ಖಾತೆ.

ಡೆಪಾಸಿಟ್_ಕೌಂಟರ್:
ಬ್ಯಾಂಕಿನದು ನನ್ನಿಂದ. ನಾಮಿನಿ ಇರುವ ಎಫ್‌ಡಿಗೆ ಕ್ಲೇಮ್ ಫಾರ್ಮ್, ಮರಣ ಪ್ರಮಾಣಪತ್ರ, ಅಮ್ಮನ ಗುರುತಿನ ಚೀಟಿ ಸಾಕು. ಕೋರ್ಟಿನಿಂದ ತರುವ ಉತ್ತರಾಧಿಕಾರ ಪ್ರಮಾಣಪತ್ರ ಕೇಳಿದರೆ ಕೊಡಬೇಕಿಲ್ಲ. ಅವಧಿಗೆ ಮುಂಚೆ ಮುರಿದರೂ ದಂಡ ಬೀಳುವುದಿಲ್ಲ. ಆದರೆ ನಾಮಿನಿ ಅಂದರೆ ಒಡೆಯ ಅಲ್ಲ, ಹಣ ಕೈಗೆ ತೆಗೆದುಕೊಳ್ಳುವ ವ್ಯಕ್ತಿ ಅಷ್ಟೇ. ಪಾಲು ಉಳಿದ ವಾರಸುದಾರರಿಗೂ ಸೇರುತ್ತದೆ.

ಸಹಕಾರಿ ಬ್ಯಾಂಕಿನ ಠೇವಣಿಗೆ ನಾಮಿನಿ ಇಲ್ಲದಿದ್ದರೂ ಗಾಬರಿ ಬೇಡ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದ ಪ್ರಕಾರ ಸಹಕಾರಿ ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ಇತರ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ ಸರಳ ವಿಧಾನವಿದೆ: ವಾರಸುದಾರರ ವಿವರ, ಹಣ ಪಡೆಯದವರ ಒಪ್ಪಿಗೆ ಪತ್ರ, ಇಂಡೆಮ್ನಿಟಿ ಬಾಂಡ್ (ಬ್ಯಾಂಕಿಗೆ ನಷ್ಟವಾದರೆ ತುಂಬಿಕೊಡುತ್ತೇವೆ ಎಂಬ ಮುಚ್ಚಳಿಕೆ). ದಾಖಲೆ ಪೂರ್ತಿ ಕೊಟ್ಟ ದಿನದಿಂದ 15 ದಿನ ಗಡುವು. ಸ್ವೀಕೃತಿ ಪತ್ರದಲ್ಲಿ ದಿನಾಂಕ ಹಾಕಿಸಿಕೊಳ್ಳಿ, ಇಲ್ಲದಿದ್ದರೆ 15 ದಿನ ಎಲ್ಲಿಂದ ಎಣಿಸುತ್ತೀರಿ? ಒಂದು ವಿಷಯ ಮಾತ್ರ ನೋಡಿಕೊಳ್ಳಿ: ಅದು ಬ್ಯಾಂಕೋ ಪತ್ತಿನ ಸಹಕಾರ ಸಂಘವೋ? ಸಂಘವಾದರೆ ಈ ನಿಯಮ ಅನ್ವಯಿಸುವುದಿಲ್ಲ, ಅವರ ಬೈಲಾ ಕೇಳಿ.

ಅಪ್ಪನ ಎಟಿಎಂ ಕಾರ್ಡ್ ಬಳಸಬೇಡಿ. ಉಳಿತಾಯ ಖಾತೆಯನ್ನೂ ಈಗಲೇ ಮುಚ್ಚಬೇಡಿ, ಆದಾಯ ತೆರಿಗೆ ರೀಫಂಡ್ ಬರುವುದಿದ್ದರೆ ಅಲ್ಲಿಗೇ ಬರುತ್ತದೆ.

ರಾಜಾಜಿನಗರ_2ನೇಬ್ಲಾಕ್:
ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಕಚೇರಿಗೆ ಬರಲಾರರು. ಮತ್ತೆ ಅಪ್ಪನ ಇನಿಷಿಯಲ್ ಕ್ರಯಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು.

ಖಾತೆ_ಪುರಾಣ:
ನಡೆದಾಡಲಾಗದವರ ಮನೆಗೆ ಸಬ್ ರಿಜಿಸ್ಟ್ರಾರ್ ಬಂದು ಹೆಬ್ಬೆಟ್ಟು ಹಾಕಿಸಿಕೊಳ್ಳಲು ನೋಂದಣಿ ಕಾಯ್ದೆಯಲ್ಲೇ ಅವಕಾಶವಿದೆ, ಅರ್ಜಿ ಮತ್ತು ಶುಲ್ಕ ಕಟ್ಟಬೇಕು. ವೈದ್ಯರಿಂದ 'ಬುದ್ಧಿ ಸ್ವಸ್ಥವಾಗಿದೆ' ಎಂದು ಪತ್ರ ಪಡೆದಿಟ್ಟುಕೊಳ್ಳಿ. ಮುಂದೆ ಯಾರಾದರೂ ಪ್ರಶ್ನಿಸಿದರೆ ಅದೇ ಕೈ ಹಿಡಿಯುವುದು. ಹೆಸರಿಗೆ 'ಎರಡೂ ಒಬ್ಬರೇ ವ್ಯಕ್ತಿ' ಎಂಬ ಅಫಿಡವಿಟ್ ಮಾಡಿಸಿ, ಎರಡೂ ಇನಿಷಿಯಲ್‌ಗಳನ್ನು ಅದರಲ್ಲಿ ಬರೆಸಿ. ಮರಣ ಪ್ರಮಾಣಪತ್ರದಲ್ಲೇ ತಪ್ಪಿದ್ದರೆ ಮಾತ್ರ ಜನನ-ಮರಣ ನೋಂದಣಾಧಿಕಾರಿಯ ಬಳಿ ತಿದ್ದಿಸಿ.

ಆರ್‌ಟಿಒ_ಕ್ಯೂ:
ಕಾರನ್ನು ವಾರಸುದಾರರ ಹೆಸರಿಗೆ ಮಾಡಿಸಲು ಆರ್‌ಟಿಒಗೆ ಫಾರ್ಮ್ 31 ಕೊಡಬೇಕು, ಮರಣದ ದಿನದಿಂದ ಮೂರು ತಿಂಗಳೊಳಗೆ. ನಿಮಗೆ ಇನ್ನೊಂದೇ ತಿಂಗಳು. ಜೊತೆಗೆ ವಿಮಾ ಕಂಪನಿಗೂ ತಿಳಿಸಿ. ತಂದೆಯ ಆದಾಯ ತೆರಿಗೆ ರಿಟರ್ನ್ ಬಾಕಿ ಇದ್ದರೆ, ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿ ಸಲ್ಲಿಸಿ. ಪ್ಯಾನ್ ಕೊನೆಗೆ ಒಪ್ಪಿಸಿದರಾಯಿತು.

ವಾರಸುದಾರರಲ್ಲಿ ಅಪ್ರಾಪ್ತರಿದ್ದರೆ ಅವರ ಪಾಲನ್ನು ಬಿಡಲು ಕೋರ್ಟಿನ ಅನುಮತಿ ಬೇಕು, ಅಲ್ಲಿಗೆ ವಕೀಲರು ಬೇಕೇ ಬೇಕು. ನಿಮ್ಮಲ್ಲಿ ಆ ಪ್ರಶ್ನೆ ಇಲ್ಲ.