ಚೌಕಾಬಾರದ ಗೇಮ್‌ಗಾಗಿ ಕೆಲಸ ಬಿಡಬಹುದೇ? ಅನುಭವವಿದ್ದವರು ಹೇಳಿ

ಕೇಳಿದವರು (ಹಾಸನದವನು, ಈಗ ಬೆಂಗಳೂರಿನಲ್ಲಿ)

ವಯಸ್ಸು 28, ಸಾಫ್ಟ್‌ವೇರ್ ಕೆಲಸ. ಅಜ್ಜಿಯ ಮನೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಆಡುತ್ತಿದ್ದ ಚೌಕಾಬಾರವನ್ನು ಮೊಬೈಲ್ ಗೇಮ್ ಮಾಡುತ್ತಿದ್ದೇನೆ. ಅರ್ಧ ಮುಗಿದಿದೆ. ಕೈಯಲ್ಲಿ ಆರು ಲಕ್ಷ ಉಳಿತಾಯವಿದೆ. ಕೆಲಸ ಬಿಟ್ಟು ಒಂದು ವರ್ಷ ಇದಕ್ಕೇ ಕೂರಬೇಕು, ಯೂಟ್ಯೂಬ್ ಮತ್ತು ರೀಲ್ಸ್‌ನಲ್ಲಿ ಪ್ರಚಾರ ಮಾಡಬೇಕು, ಜನ ಸೇರಿದ ಮೇಲೆ ಹತ್ತು ರೂಪಾಯಿ ಪಣದ ಟೇಬಲ್ ತೆರೆಯಬೇಕು ಎಂಬುದು ಯೋಜನೆ. ಲೂಡೊ ಓಡುವುದಾದರೆ ಇದೇಕೆ ಓಡಬಾರದು? ಬೈಯಬೇಕೆನಿಸಿದವರೂ ಬರೆಯಬಹುದು.

ಹುಬ್ಬಳ್ಳಿಯಿಂದ, ಲೆಕ್ಕಪರಿಶೋಧಕ

ಪಣದ ಮಾತನ್ನು ಇವತ್ತೇ ಅಳಿಸಿ. 2022ರ ಫೆಬ್ರುವರಿಯಲ್ಲಿ ಹಣದ ಆನ್‌ಲೈನ್ ಆಟಗಳ ಮೇಲಿನ ರಾಜ್ಯದ ನಿಷೇಧವನ್ನು ಕರ್ನಾಟಕ ಹೈಕೋರ್ಟ್ ರದ್ದುಪಡಿಸಿದಾಗ ಎಷ್ಟೋ ಜನ ಇನ್ನು ಚಿಂತೆಯಿಲ್ಲ ಎಂದುಕೊಂಡರು. 2023ರ ಅಕ್ಟೋಬರ್‌ನಿಂದ ಆಟಗಾರ ಕಟ್ಟುವ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಂತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯಂತೂ ಹಣದ ಆನ್‌ಲೈನ್ ಆಟ ನಡೆಸುವುದನ್ನೇ ನಿಷೇಧಿಸಿತು: ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಕೌಶಲದ ಆಟಕ್ಕೆ ಪಣ ಕಟ್ಟಬಹುದು, ಅದೃಷ್ಟದ ಆಟಕ್ಕಲ್ಲ ಎಂಬ ಹಳೆಯ ವಾದಕ್ಕೂ ಅಲ್ಲಿ ಜಾಗವಿಲ್ಲ. ಕವಡೆ ಎಸೆದು ಆಡುವ ನಿಮ್ಮ ಆಟಕ್ಕೆ ಆ ವಾದ ಮೊದಲೇ ಕಷ್ಟವಿತ್ತು, ಬಿಡಿ.

ಬೆಂಗಳೂರಿನಿಂದ, ಹದಿನಾಲ್ಕು ವರ್ಷದಿಂದ ಗೇಮ್ ಕಂಪನಿಗಳಲ್ಲಿ ಪ್ರೋಗ್ರಾಮರ್

ಗೇಮ್ ಮಾಡುವುದು ಅಗ್ಗ. ಅದನ್ನು ಒಬ್ಬ ಅಪರಿಚಿತನ ಕಣ್ಣಿಗೆ ಬೀಳಿಸುವುದು ದುಬಾರಿ. ನಿಮ್ಮ ಆರು ಲಕ್ಷದ ಲೆಕ್ಕದಲ್ಲಿ ಈ ಎರಡನೆಯ ಖರ್ಚೇ ಕಾಣುತ್ತಿಲ್ಲ.

ನಾನು ಈ ಕೆಲಸಕ್ಕೆ ಸೇರುವ ಹೊತ್ತಿಗೆ ಎಲ್ಲರ ಬಾಯಲ್ಲಿ ಫಾರ್ಮ್‌ವಿಲ್ ಇತ್ತು. 2009ರಲ್ಲಿ ಫೇಸ್‌ಬುಕ್‌ನೊಳಗೆ ಶುರುವಾದ ಬೇಸಾಯದ ಆಟ. ಅದಕ್ಕೆ ಜಾಹೀರಾತೇ ಬೇಕಿರಲಿಲ್ಲ: ನಿಮ್ಮ ಹೊಲಕ್ಕೆ ದಾರಿ ತಪ್ಪಿದ ಹಸು ಬಂದರೆ ನಿಮ್ಮ ಗೆಳೆಯರಿಗೆಲ್ಲ ಫೇಸ್‌ಬುಕ್‌ನಲ್ಲಿ ಸುದ್ದಿ ಹೋಗುತ್ತಿತ್ತು. ಅದನ್ನು ಮಾಡಿದ ಜಿಂಗಾ ಬೆಂಗಳೂರಿನಲ್ಲೂ ಕಚೇರಿ ತೆರೆಯಿತು. 2011ರಲ್ಲಿ ಫೇಸ್‌ಬುಕ್‌ನ ಆದಾಯದ ಶೇ 12ರಷ್ಟು ಈ ಒಂದೇ ಕಂಪನಿಯಿಂದ ಬರುತ್ತಿತ್ತು. ಆದರೆ ಆ ಸುದ್ದಿಗಳಿಂದ ಜನ ರೋಸಿಹೋದಾಗ ಫೇಸ್‌ಬುಕ್ ಅವುಗಳಿಗೆ ಕಡಿವಾಣ ಹಾಕಿತು, ಜನರೂ ಮೊಬೈಲ್‌ಗೆ ಹೊರಟರು. 2011ರ ಡಿಸೆಂಬರ್‌ನಲ್ಲಿ ಹತ್ತು ಡಾಲರ್‌ಗೆ ಮಾರಿದ ಜಿಂಗಾ ಷೇರು ಮರುವರ್ಷವೇ ಮೂರು ಡಾಲರ್‌ಗಿಂತ ಕೆಳಗೆ ಬಂತು. 2020ರ ಕೊನೆಯ ದಿನ, ತಾನು ಓಡುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಜೊತೆ ಫಾರ್ಮ್‌ವಿಲ್ ಕೂಡ ಮುಚ್ಚಿತು.

ಆಮೇಲೆ ಎಲ್ಲರೂ ದುಡ್ಡು ಕೊಟ್ಟು ಆಟಗಾರರನ್ನು ತರುವ ದಾರಿ ಹಿಡಿದರು. ಯಾವ ಬಗೆಯ ಜನ ಆಟದೊಳಗೆ ಖರ್ಚು ಮಾಡುತ್ತಾರೆಂದು ಫೇಸ್‌ಬುಕ್ ಜಾಹೀರಾತು ಗುರುತಿಸಿ ಕೊಡುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಆ್ಯಪಲ್, ಬಳಕೆದಾರ ಒಪ್ಪದೆ ಅವನ ಜಾಡು ಹಿಡಿಯುವಂತಿಲ್ಲ ಎಂದಿತು. ಮರುವರ್ಷ ಇದರಿಂದ ಸುಮಾರು 1,000 ಕೋಟಿ ಡಾಲರ್ ಹೊಡೆತ ಬೀಳಲಿದೆ ಎಂದು ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ತಾನೇ ಹೇಳಿಕೊಂಡಿತು. ಮೆಟಾ ತಡೆದುಕೊಂಡಿತು. ನನ್ನಂಥವರಿದ್ದ ಸಣ್ಣ ತಂಡಗಳು ತಡೆದುಕೊಳ್ಳಲಿಲ್ಲ: ಒಬ್ಬ ಆಟಗಾರನನ್ನು ತರುವ ಖರ್ಚು ಅವನಿಂದ ಬರುವ ಆದಾಯವನ್ನು ದಾಟಿತು, ಹನ್ನೊಂದು ಮಂದಿಯಲ್ಲಿ ನಾಲ್ವರು ಉಳಿದೆವು.

ಲೂಡೊ ಕಿಂಗ್ ಉದಾಹರಣೆ ಎಲ್ಲರೂ ಕೊಡುತ್ತಾರೆ. ಅದು ಬಂದದ್ದು 2016ರಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಅದಕ್ಕೆ ಒಳ್ಳೆಯ ಗರ ಬಿತ್ತು. ನಾಲ್ಕು ವರ್ಷ ಕಾಯುವ ಶಕ್ತಿ ಆರು ಲಕ್ಷಕ್ಕಿಲ್ಲ. ಕೆಲಸ ಬಿಡಬೇಡಿ.

ಮೈಸೂರಿನಿಂದ, ಅಳಗುಳಿ ಮಣೆಯ ಆ್ಯಪ್ ಮಾಡಿದವಳು

ಮೇಲಿನವರ ಮಾತು ಸರಿ, ಆದರೆ ಅದು ಕಂಪನಿಯ ಕಣ್ಣಿನ ಲೆಕ್ಕ. ಬ್ಯಾಂಕ್ ಕೆಲಸ ಬಿಡದೆ, ರಾತ್ರಿ ಹತ್ತರ ಮೇಲೆ ಕೂತು ಮಾಡಿದವಳು ನಾನು. ಹನ್ನೊಂದು ತಿಂಗಳಲ್ಲಿ ಸುಮಾರು 40 ಸಾವಿರ ಡೌನ್‌ಲೋಡ್, ಕೈಗೆ ಬಂದದ್ದು 62 ಸಾವಿರ ರೂಪಾಯಿ. ಡೌನ್‌ಲೋಡ್‌ಗಳಲ್ಲಿ ಮುಕ್ಕಾಲು ಪಾಲು ಕರ್ನಾಟಕದ್ದು. ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕ, ಕೊಲ್ಲಿ ದೇಶಗಳ ಕನ್ನಡಿಗರದ್ದು. ಇಲ್ಲಿ ತೋರಿಸಿದ ಜಾಹೀರಾತಿಗೆ ಸಿಗುವ ದರ ತೀರ ಕಡಿಮೆ. ಅಲ್ಲಿಯವರು ಜಾಹೀರಾತಿಲ್ಲದ ಆವೃತ್ತಿಯನ್ನೇ ಕೊಂಡುಬಿಡುತ್ತಾರೆ. ಗೂಗಲ್‌ಗೆ ನೋಂದಣಿಗೆ ಒಮ್ಮೆ 25 ಡಾಲರ್ ಕೊಟ್ಟೆ. ಆ್ಯಪಲ್ ಪ್ರತಿವರ್ಷ 99 ಕೇಳುತ್ತದೆಂದು ಇನ್ನೂ ಆ ಕಡೆ ಹೋಗಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯ ನಿಯಮವನ್ನೇ ನಾಡಿನ ನಿಯಮ ಎಂದುಕೊಂಡೆ. ಮೊದಲ ತಿಂಗಳ ಒಂದು ಸ್ಟಾರ್‌ಗಳೆಲ್ಲ "ನಮ್ಮೂರಲ್ಲಿ ಹೀಗೆ ಆಡುವುದಿಲ್ಲ" ಎಂಬ ದೂರುಗಳೇ. ನಿಮ್ಮ ಆಟಕ್ಕಂತೂ ಚೌಕಾಬಾರ, ಕಟ್ಟೆಮನೆ ಎಂದು ಹೆಸರೇ ಬೇರೆ ಬೇರೆ. ಎದುರಾಳಿಯ ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ, ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೇ ಎಂಬುದನ್ನೆಲ್ಲ ಆಟಗಾರನೇ ಆರಿಸಿಕೊಳ್ಳುವಂತೆ ಇಡಿ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಮಣೆ ಆಟಗಳ ಪ್ರದರ್ಶನ ನಡೆಸುತ್ತಾರೆ. ನಾನು ಅಲ್ಲಿಗೆ ಹೋದದ್ದು ಆ್ಯಪ್ ಬಿಡುಗಡೆ ಮಾಡಿದ ಮೇಲೆ. ಮೊದಲೇ ಹೋಗಬೇಕಿತ್ತು.

ದಾವಣಗೆರೆಯಿಂದ, ಗೇಮಿಂಗ್ ಚಾನೆಲ್ ನಡೆಸುವವನು

ಪ್ರಚಾರದ ಬಗ್ಗೆ ನನ್ನದೆರಡು ಮಾತು, ಅಣ್ಣ. ಒಂದೇ ಆಟ ನಂಬಿ ಚಾನೆಲ್ ಕಟ್ಟಿದೆ, ತಪ್ಪು ನನ್ನದೇ. ಪಬ್‌ಜಿ ಎಂಬ ಗುಂಡು ಹಾರಿಸುವ ಮೊಬೈಲ್ ಆಟ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಗಿ, 2021ರಲ್ಲಿ ಬಿಜಿಎಂಐ ಎಂಬ ಹೊಸ ಹೆಸರಲ್ಲಿ ಬಂದು, 2022ರ ಜುಲೈನಲ್ಲಿ ಮತ್ತೆ ಆ್ಯಪ್ ಅಂಗಡಿಯಿಂದ ಇಳಿದು, 2023ರ ಮೇನಲ್ಲಿ ಹಿಂತಿರುಗಿತು. ಪ್ರತಿ ಬಾರಿಯೂ ನೋಡುಗರು ಕರಗಿದರು. ಹಣದ ಆಟಗಳ ಕಂಪನಿಗಳೇ ನಮ್ಮಂಥ ಸಣ್ಣ ಚಾನೆಲ್‌ಗಳಿಗೆ ದೊಡ್ಡ ಪ್ರಾಯೋಜಕರಾಗಿದ್ದವು. 2025ರ ಕಾಯ್ದೆ ಅವುಗಳ ಜಾಹೀರಾತನ್ನೂ ನಿಷೇಧಿಸಿತಲ್ಲ, ಆ ಬಾಗಿಲೂ ಮುಚ್ಚಿತು.

ಇನ್ನೊಂದು. ಯೂಟ್ಯೂಬ್‌ನ ಪುಟ್ಟ ವಿಡಿಯೊಗಳಾದ ಶಾರ್ಟ್ಸ್‌ನ ವಿವರಣೆಯಲ್ಲಿ, ಕಾಮೆಂಟಿನಲ್ಲಿ ಹಾಕಿದ ಕೊಂಡಿ 2023ರ ಆಗಸ್ಟ್ ಕೊನೆಯಿಂದ ಒತ್ತಿದರೆ ತೆರೆಯುವುದಿಲ್ಲ. ನನ್ನ ಒಂದು ಶಾರ್ಟ್ಸ್ ಮೂರು ಲಕ್ಷ ಸಲ ಓಡಿತು. ಅದರಲ್ಲಿ ಹೊಗಳಿದ್ದ ಗೆಳೆಯನ ಗೇಮ್‌ಗೆ ಬಂದವರು ನೂರು ಜನವೂ ಇರಲಿಲ್ಲ. ಜನ ನೋಡುತ್ತಾರೆ, ನಗುತ್ತಾರೆ, ಬೆರಳು ಮೇಲೆ ಸರಿಸುತ್ತಾರೆ. ಹತ್ತು ನಿಮಿಷದ ವಿಡಿಯೊದಲ್ಲಿ ನಾಲ್ವರು ಅಜ್ಜಿಯರನ್ನು ಕೂರಿಸಿ ಆಡಿಸಿ. ಅವರು ಜಗಳವಾಡಿದರಂತೂ ಒಳ್ಳೆಯದೇ.

ನ್ಯೂಜೆರ್ಸಿಯಿಂದ

ನನಗೆ ಗೇಮ್ ವ್ಯವಹಾರ ಗೊತ್ತಿಲ್ಲ. ತಿಪಟೂರಿನಲ್ಲಿರುವ ಅಮ್ಮ ಮತ್ತು ಇಲ್ಲಿರುವ ನನ್ನ ಮಗಳು ಭಾನುವಾರ ಒಂದೇ ಮಣೆಯಲ್ಲಿ ಆಡುವಂತಾದರೆ, ಕಾಯಿ ಹೊಡೆದಾಗ ಅಮ್ಮ ಕೂಗುವುದು ಕೇಳಿಸುವಂತಾದರೆ ಐದು ಡಾಲರ್ ಕೊಡುತ್ತೇನೆ. ಅಮ್ಮನಿಗೆ ಪಾಸ್‌ವರ್ಡ್ ಕೇಳಬೇಡಿ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಪಣದ ಟೇಬಲ್ ಕೈಬಿಟ್ಟಿದ್ದೇನೆ. ಆದರೆ ಬೆಂಗಳೂರಿನ ಸರ್, ರಾತ್ರಿ ಹತ್ತರ ಮೇಲೆ ನನ್ನ ತಲೆ ಓಡುವುದಿಲ್ಲ. ವರ್ಷದ ಬದಲು ಮೂರು ತಿಂಗಳು ಸಂಬಳವಿಲ್ಲದ ರಜೆ ಕೇಳಿದರೆ?

ಬೆಂಗಳೂರಿನ ಪ್ರೋಗ್ರಾಮರ್

ಕೇಳಿ. ಅಪರಿಚಿತರಿಗೆ ಜಾಹೀರಾತು ಕೊಡಬೇಡಿ, ನ್ಯೂಜೆರ್ಸಿಯವರು ಹೇಳಿದ್ದನ್ನೇ ಮೊದಲು ಮಾಡಿ. ಒಂದು ಮನೆಯವರು ಇನ್ನೊಂದು ಮನೆಗೆ ವಾಟ್ಸ್‌ಆ್ಯಪ್‌ನಲ್ಲಿ ಆಹ್ವಾನ ಕಳುಹಿಸಿದರೆ ಆ ಆಟಗಾರನಿಗೆ ನೀವು ಕಾಸು ಕೊಟ್ಟಿರುವುದಿಲ್ಲ. ಮೂರು ತಿಂಗಳಲ್ಲಿ ಎಷ್ಟು ಮನೆಗಳವರು ಎರಡನೆಯ ಭಾನುವಾರವೂ ಬಂದರು ಎಂಬುದನ್ನು ಮಾತ್ರ ಎಣಿಸಿ. ಡೌನ್‌ಲೋಡ್ ಸಂಖ್ಯೆ ನೋಡಿ ಹಿಗ್ಗಬೇಡಿ.

ಮೈಸೂರಿನವಳು

ನಿಮ್ಮದು ಹೊಸ ವೈಯಕ್ತಿಕ ಖಾತೆಯಾದರೆ, ಗೂಗಲ್ ಪ್ಲೇಗೆ ಬಿಡುವ ಮೊದಲು ಹನ್ನೆರಡು ಜನ ಹದಿನಾಲ್ಕು ದಿನ ಸತತವಾಗಿ ಪರೀಕ್ಷೆಯಲ್ಲಿ ಇರಬೇಕು. ನನ್ನನ್ನೂ ನನ್ನ ಅತ್ತೆಯನ್ನೂ ಸೇರಿಸಿಕೊಳ್ಳಿ. ಅತ್ತೆ ಜೋಡಿ ಕಾಯಿಯ ವಿಷಯದಲ್ಲಿ ರಾಜಿಯಾಗುವವರಲ್ಲ, ಈಗಲೇ ಹೇಳಿರುತ್ತೇನೆ.

ಕೇಳಿದವರು

ನಮ್ಮ ಅಜ್ಜಿಯೂ ಅಲ್ಲ. ನಿಮ್ಮನ್ನೂ ಅವರಿಬ್ಬರನ್ನೂ ಸೇರಿಸಿ ಏಳು ಜನರಾದರು. ಆ್ಯಂಡ್ರಾಯ್ಡ್ ಫೋನ್ ಇರುವ ಐವರು ಬೇಕು, ಮಧ್ಯದಲ್ಲಿ ಬಿಟ್ಟುಹೋಗಬಾರದು.