ಮೇ ತಿಂಗಳ ಅಲಾಸ್ಕ ಹಡಗು ಪ್ರವಾಸಕ್ಕೆ ಬಟ್ಟೆ ಏನೇನು? ಹೋಗಿ ಬಂದವರು ಹೇಳಿ

ವಿಜಯನಗರದ ಸೊಸೆ:
ಮೇ ಎರಡನೇ ವಾರ ಕೆನಡಾದ ವ್ಯಾಂಕೂವರ್‌ನಿಂದ ಏಳು ರಾತ್ರಿಯ ಹಡಗು. ಕೆಚಿಕನ್, ಜೂನೋ, ಸ್ಕ್ಯಾಗ್ವೇ, ಒಂದು ದಿನ ಹಿಮನದಿಗಳಿರುವ ಕೊಲ್ಲಿ ಗ್ಲೇಸಿಯರ್ ಬೇ. ನಾನು, ನಮ್ಮ ಯಜಮಾನರು, 67 ವರ್ಷದ ಅತ್ತೆ. ಅತ್ತೆಯವರು ಸೀರೆ ಬಿಟ್ಟು ಬೇರೇನೂ ಉಟ್ಟವರಲ್ಲ, ಮಂಡಿನೋವೂ ಇದೆ. ಇಲ್ಲಿ ಸುಡುಬಿಸಿಲು, ಕಮರ್ಷಿಯಲ್ ಸ್ಟ್ರೀಟಿನಲ್ಲಿ ಉಲನ್ ಬಟ್ಟೆ ಕೇಳಿದರೆ ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮೇಡಂ, ನವೆಂಬರ್‌ನಲ್ಲಿ ಬನ್ನಿ” ಎಂದ. ತಲೆಗೊಂದು ಸೂಟ್‌ಕೇಸ್‌ನಲ್ಲಿ ಮುಗಿಸಬಹುದೇ? ಸೀರೆಯಲ್ಲಿ ನಿಭಾಯಿಸಬಹುದೇ?

ಬನಶಂಕರಿಯ ನಿವೃತ್ತ:
ಅಮ್ಮಾ, ನಮ್ಮ ಕಥೆ ಕೇಳಿ. ಎರಡು ವರ್ಷದ ಹಿಂದೆ ಇದೇ ಮೇ ತಿಂಗಳು, ಇದೇ ದಾರಿ. ಮಗ ಫೋನಿನಲ್ಲಿ “ಅಪ್ಪಾ, ಅಲಾಸ್ಕ ಅಂದರೆ ಅಲಾಸ್ಕ” ಎಂದು ಹೆದರಿಸಿದ. ಸೊನ್ನೆಗಿಂತ ಕೆಳಗೆ 20 ಡಿಗ್ರಿ ತಡೆಯುವ ಕೋಟು ತರಿಸಿದೆ. ಬೆಲೆ 11,500. ಮನೆಯ ತಕ್ಕಡಿಯಲ್ಲಿ ತೂಗಿದೆ, 2 ಕಿಲೋ 400 ಗ್ರಾಂ. ಸೂಟ್‌ಕೇಸಿನ ಅರ್ಧ ಅದೇ ನುಂಗಿತು. ಮಂಡಿ ಊರಿ ಜಿಪ್ ಎಳೆಯಬೇಕಾಯಿತು. ಜೂನೋದಲ್ಲಿ ಇಳಿದರೆ ಹಗಲು 13 ಡಿಗ್ರಿ, ಬಿಸಿಲು! ನೂರು ಹೆಜ್ಜೆ ನಡೆಯುವಷ್ಟರಲ್ಲಿ ಬನಿಯನ್ ಒದ್ದೆ. ಉಳಿದ ದಿನವೆಲ್ಲ ಕೋಟನ್ನು ಕೈಮೇಲೆ ಮಗುವಿನಂತೆ ಹೊತ್ತು ತಿರುಗಿದೆ.

ಆದರೆ ಗ್ಲೇಸಿಯರ್ ಬೇಯಲ್ಲಿ ಹಡಗು ದಡಕ್ಕೆ ಹೋಗುವುದಿಲ್ಲ, ನೋಡುವುದೆಲ್ಲ ಹಡಗಿನ ಮೇಲಿಂದಲೇ. ಮಾರ್ಜರಿ ಹಿಮನದಿಯ ಮುಂದೆ ನಿಂತಾಗ ಹಿಮದ ಮೇಲಿಂದ ಇಳಿದು ಬರುವ ಗಾಳಿ ಇದೆಯಲ್ಲ, ಅದು ಬೇರೆಯೇ. ಉಳಿದವರೆಲ್ಲ ಹತ್ತು ನಿಮಿಷಕ್ಕೆ ಒಳಗೆ ಓಡಿ ಗಾಜಿನ ಹಿಂದೆ ಸೂಪ್ ಕುಡಿಯುತ್ತ ನಿಂತರು. ನಾನು ಮೂರು ಗಂಟೆ ಕದಲಲಿಲ್ಲ. ಮನೆಯಷ್ಟು ದೊಡ್ಡ ಹಿಮದ ಗೋಡೆ ಕಳಚಿ ನೀರಿಗೆ ಬಿದ್ದದ್ದನ್ನು ಕಂಡೆ. ಮೊದಲು ಬೀಳುವುದು ಕಾಣುತ್ತದೆ, ಆಮೇಲೆ ಗುಡುಗು ಕೇಳಿಸುತ್ತದೆ. ನನಗೆ 11,500 ಆ ಒಂದು ದಿನಕ್ಕೇ ವಸೂಲಾಯಿತು.

ಇಸ್ತ್ರಿ ಪೆಟ್ಟಿಗೆ ಮಾತ್ರ ಒಯ್ಯಬೇಡಿ. ಬೆಂಕಿಯ ಭಯವೆಂದು ಹತ್ತುವಾಗಲೇ ಕಿತ್ತಿಟ್ಟುಕೊಂಡರು. ಕೊನೆಯ ದಿನ ಅದನ್ನು ಬಿಡಿಸಿಕೊಳ್ಳಲು ಮುಕ್ಕಾಲು ಗಂಟೆ ಸಾಲು. ನನ್ನ ಮುಂದಿನವರು ರೈಸ್ ಕುಕ್ಕರ್ ಬಿಡಿಸಿಕೊಳ್ಳುತ್ತಿದ್ದರು.

ಎಚ್‌ಎಸ್‌ಆರ್ ಬಡಾವಣೆ:
ಸರ್, ಅವರು ಏಳು ರಾತ್ರಿ ಹಡಗಿಗೆ ಹೊರಟಿದ್ದಾರೆ, ಸಿಯಾಚಿನ್‌ಗಲ್ಲ. ಮೂರು ಗಂಟೆಯ ಗಾಳಿಗೆ ಎರಡೂವರೆ ಕಿಲೋ ಹೊರಿಸುವ ಸಲಹೆ ಯಾರಿಗೂ ಕೊಡಬೇಡಿ. ಈರುಳ್ಳಿಯಂತೆ ಪದರ ಪದರ ಹಾಕಬೇಕು: ಒಳಗೆ ಥರ್ಮಲ್, ಮೇಲೆ ತೆಳು ಫ್ಲೀಸ್ (ಮೆತ್ತನೆಯ ಬೆಚ್ಚನೆ ಅಂಗಿ), ಅದರ ಮೇಲೆ ಗಾಳಿ-ಮಳೆ ತಡೆಯುವ ಜಾಕೆಟ್.

ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ನಮ್ಮ ಜಾಕೆಟ್‌ಗಳನ್ನು ಬಾಡಿಗೆಗೆ ತಂದೆವು. ದಿನಕ್ಕೆ ಒಂದಕ್ಕೆ 180, ವಿಮಾನದ ದಿನವೂ ಸೇರಿ 16 ದಿನ, ಇಬ್ಬರಿಗೆ 5,760. ಠೇವಣಿ 6,000 ಬೇರೆ. ಸ್ಕ್ಯಾಗ್ವೇಯ ಬೆಟ್ಟದ ರೈಲಿನಲ್ಲಿ ಬೋಗಿಯ ತುದಿಗೆ ಹೋಗಿ ಫೋಟೊಗೆ ನಿಂತಾಗ ನಮ್ಮವರ ಜಾಕೆಟ್ಟಿನ ಜಿಪ್ ಹಲ್ಲು ಬಿಟ್ಟಿತು. ಆ ರೈಲು ಸಮುದ್ರದ ಮಟ್ಟದಿಂದ 873 ಮೀಟರ್ ಹತ್ತುತ್ತದೆ. ಕೆಳಗೆ ಹೂವು, ಮೇಲೆ ಮೊಣಕಾಲಷ್ಟು ಹಿಮ. ಪಾಪ, ಅವರು ಎರಡು ಸೇಫ್ಟಿ ಪಿನ್ ಹಾಕಿಕೊಂಡು ಕುಳಿತರು. ಊರಿಗೆ ಬಂದರೆ ಅಂಗಡಿಯವನು ಜಿಪ್ಪಿಗೆಂದು 1,500 ಹಿಡಿದುಕೊಂಡ. ಒಟ್ಟು 7,260. ಆ ದುಡ್ಡಿಗೆ ಎರಡು ಸ್ವಂತ ಜಾಕೆಟ್ ಬರುತ್ತಿತ್ತು, ಇವತ್ತಿಗೂ ಬೀರುವಿನಲ್ಲಿರುತ್ತಿತ್ತು.

ಇನ್ನೊಂದು ಮಾತು. ಚಿಕ್ಕಪೇಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಹತ್ತಿಯ ಥರ್ಮಲ್ ಕೊಳ್ಳಬೇಡಿ. ಜೂನೋದ ಮೆಂಡನ್‌ಹಾಲ್ ಹಿಮನದಿಯ ಪಕ್ಕದ ನಗೆಟ್ ಜಲಪಾತಕ್ಕೆ ಹೋಗಿ ಬರಲು ಮೂರು ಕಿಲೋಮೀಟರ್ ನಡೆದೆ. ಬೆವರಿದ್ದು ಹತ್ತಿಯಲ್ಲೇ ಕುಳಿತಿತು. ಜಲಪಾತದ ಮುಂದೆ ನಿಂತ ಐದು ನಿಮಿಷಕ್ಕೆ ಬೆನ್ನಿಗೆ ತಣ್ಣೀರು ಪಟ್ಟಿ ಹಾಕಿದಂತೆ. ಉಣ್ಣೆಯದಾಗಲಿ ಪಾಲಿಯೆಸ್ಟರಿನದಾಗಲಿ ತೆಗೆದುಕೊಳ್ಳಿ.

ತೀರ್ಥಹಳ್ಳಿ ಮೂಲ, ಈಗ ಯಲಹಂಕ:
ಇಷ್ಟು ಹೊತ್ತು ಚಳಿ, ಚಳಿ! ಅಲ್ಲಿ ಕಾಟ ಕೊಡುವುದು ಮಳೆ. ಕೆಚಿಕನ್‌ನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಬೀಳುತ್ತದೆ. ಬೆಂಗಳೂರಿನ ಮೂರು ವರ್ಷದ ಮಳೆಗಿಂತ ಹೆಚ್ಚು. “ಆಗುಂಬೆಯಲ್ಲಿ ಅದರ ಎರಡರಷ್ಟು ನೋಡಿ ಬೆಳೆದವನಿಗೆ ಇದೇನು ಮಹಾ” ಎಂದು ಕೊಡೆ ಹಿಡಿದು ಇಳಿದೆ. ಮಲೆನಾಡಿನ ಮಳೆ ನೇರ ಸುರಿಯುತ್ತದೆ, ಮನೆಗೆ ಬಂದು ಒಲೆಯ ಮುಂದೆ ಕುಳಿತರೆ ಮುಗಿಯಿತು. ಅಲ್ಲಿಯದು ಅಡ್ಡ ಮಳೆ, ಜೊತೆಗೆ ಎಂಟೇ ಡಿಗ್ರಿ. ಕೊಡೆ ಎರಡು ಸಲ ಮೊರದಂತೆ ಮಗುಚಿತು, ಮೂರನೆಯ ಸಲ ಕಡ್ಡಿಯೇ ಕಳಚಿತು. ಆ ಊರಿನವರು ಕಂದು ರಬ್ಬರ್ ಬೂಟು ತೊಟ್ಟು, ಟೋಪಿ ಇರುವ ಮಳೆಯಂಗಿಯಲ್ಲಿ ಆರಾಮಾಗಿ ಸಾಮಾನು ಕೊಳ್ಳುತ್ತಿದ್ದರು. ಕೊಡೆ ಹಿಡಿದವರೆಲ್ಲ ಹಡಗಿನವರೇ.

ನನ್ನ ಬಟ್ಟೆ ಬೂಟು ನೆನೆದು ಮುದ್ದೆ. ಹಡಗಿನ ಕೋಣೆಯಲ್ಲಿ ಬೂಟು ಒಣಗುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಕೂದಲು ಒಣಗಿಸುವ ಯಂತ್ರವನ್ನು ಒಂದೊಂದು ಬೂಟಿನೊಳಗೆ ಇಪ್ಪತ್ತು ನಿಮಿಷ ಹಿಡಿದೆ. ಕೋಣೆಯೆಲ್ಲ ಒಂದು ವಾಸನೆ; ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಬನಶಂಕರಿಯ ನಿವೃತ್ತ:
ಮೇಡಂ, ಸಿಯಾಚಿನ್ ಎಂದು ಕುಹಕವಾಡಿದಿರಿ. ಬಾಡಿಗೆ ಜಾಕೆಟ್ಟಿಗೆ ಪಿನ್ ಹಾಕಿಕೊಂಡು ಕುಳಿತವರು ನಾವಲ್ಲ. ತೀರ್ಥಹಳ್ಳಿಯವರೇ, ನಾವು ಹೋದಾಗ ಕೆಚಿಕನ್‌ನಲ್ಲಿ ಒಂದು ಹನಿ ಬೀಳಲಿಲ್ಲ.

ತೀರ್ಥಹಳ್ಳಿ ಮೂಲ, ಈಗ ಯಲಹಂಕ:
ಒಂದು ದಿನ ಆಗುಂಬೆಯಲ್ಲಿ ಬಿಸಿಲು ಕಂಡು ಬಂದವರೂ ಹಾಗೆಯೇ ಹೇಳುತ್ತಾರೆ.

ರಾಜಾಜಿನಗರ ಆರನೇ ಬ್ಲಾಕ್:
ಬಟ್ಟೆಗಿಂತ ಮೊದಲು ವೀಸಾ ನೋಡಿಕೊಳ್ಳಿ. ಕೆನಡಾ ವೀಸಾದ ಗೋಜು ಬೇಡವೆಂದು ನಾವು ಸಿಯಾಟಲ್‌ನಿಂದ ಹೊರಡುವ ಹಡಗು ಹಿಡಿದೆವು. ಆ ಹಡಗೂ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ! ಬೇರೆ ದೇಶದ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅಲ್ಲಿಗೇ ಮರಳುವುದಾದರೆ ನಡುವೆ ಪರದೇಶದ ಬಂದರನ್ನು ಮುಟ್ಟಬೇಕಂತೆ, 1886ರ ಕಾನೂನು. ಕೊನೆಯ ಗಳಿಗೆಯಲ್ಲಿ ಓಡಾಡಿದ ಖರ್ಚು ಬರೆದರೆ ನಿಮಗೆ ನಿದ್ದೆ ಬರುವುದಿಲ್ಲ.

ಬಟ್ಟೆಯ ವಿಷಯಕ್ಕೆ: ಒಗೆಯಲು ಕೊಡಬೇಡಿ. ನಮ್ಮ ಹಡಗಿನಲ್ಲಿ ಒಂದು ಕಾಗದದ ಚೀಲಕ್ಕೆ 35 ಡಾಲರ್, ಸುಮಾರು ಮೂರು ಸಾವಿರ ರೂಪಾಯಿ. ಚೀಲದಲ್ಲಿ ಹಿಡಿಸಿದ್ದು ಆರು ಅಂಗಿ, ಎರಡು ಪ್ಯಾಂಟು. ನಮ್ಮ ಬೀದಿಯ ಇಸ್ತ್ರಿಯವನಿಗೆ ಹೇಳಿದರೆ ಗಾಡಿ ಬಿಟ್ಟು ಹಡಗು ಹತ್ತುತ್ತಾನೆ. ಮತ್ತೆ ಸೂಟು ಹಾಕುವ ರಾತ್ರಿಗೆಂದು ಮದುವೆಯ ಸೂಟು ಒಯ್ದೆ, ಗುಂಡಿ ಹಾಕಲಾಗಲಿಲ್ಲ. ಅತ್ತೆಯವರಿಗೆ ಚೂಡಿದಾರ್ ಹೊಲಿಸಿಬಿಡಿ, ಸೀರೆ ಉಟ್ಟು ಹಡಗಿನ ಏಣಿ ಇಳಿಯುವುದು ಅಪಾಯ.

ಮಲ್ಲೇಶ್ವರದ ಅಜ್ಜಿ:
ಏನಪ್ಪಾ ರಾಜಾಜಿನಗರ, ಸೀರೆ ಉಟ್ಟು ನೀನು ಇಳಿದಿದ್ದೀಯಾ? ನನಗೆ 71. ಏಳು ದಿನವೂ ಸೀರೆಯೇ. ಏಣಿಯಲ್ಲ ಅದು, ಹಿಡಿದುಕೊಳ್ಳಲು ಕಂಬಿ ಇರುವ ಇಳಿಜಾರು ಸೇತುವೆ.

ಮಗಳೇ, ನಿನ್ನ ಅತ್ತೆಗೆ ಹೀಗೆ ಹೇಳು. ಒಳಲಂಗದ ಬದಲು ಉಣ್ಣೆಯ ಥರ್ಮಲ್ ಪ್ಯಾಂಟು, ಅದರ ಮೇಲೆ ಒಂದು ಗಟ್ಟಿ ಲಾಡಿ. ಸೀರೆಯ ಸುತ್ತು ಆ ಲಾಡಿಗೆ. ರವಿಕೆಯ ಬದಲು ಪೂರ್ತಿ ತೋಳಿನ ಥರ್ಮಲ್. ಹತ್ತಿ ಸೀರೆ ಬೇಡ, ಅಂಚು ನೀರು ಹೀರುತ್ತದೆ. ಸಿಂಥೆಟಿಕ್ ಸೀರೆ ನಾಲ್ಕು ಸಾಕು, ರಾತ್ರಿ ಬಚ್ಚಲಲ್ಲಿ ಹಿಂಡಿ ಹಾಕಿದರೆ ಬೆಳಗ್ಗೆ ಒಣಗಿರುತ್ತದೆ, ಇಸ್ತ್ರಿಯೂ ಬೇಡ. ನೆರಿಗೆಯನ್ನು ನಾಲ್ಕು ಬೆರಳು ಮೇಲಕ್ಕೆ ಉಡಬೇಕು, ಕಾಲುಚೀಲ ಕಾಣಿಸಿದರೆ ಕಾಣಿಸಲಿ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಮೇಲೆ ಮಳೆಯಂಗಿ. ಚಪ್ಪಲಿ ಬಿಟ್ಟು ಬೂಟು. ಬೂಟನ್ನು ಈಗಲೇ ಮನೆಯೊಳಗೆ ಹಾಕಿಸಿ ನಡೆಸು. ನಾನು ಹೊಸದನ್ನು ಹಾಗೇ ಒಯ್ದು ಹಿಮ್ಮಡಿಯ ಬೊಬ್ಬೆಯಲ್ಲಿ ಎರಡು ದಿನ ಕಳೆದೆ. ತಿಮಿಂಗಿಲ ನೋಡುವ ದೋಣಿಗೆ ಕಟ್ಟಿದ ದುಡ್ಡು ನೀರಿಗೆ ಹೋಯಿತು.

ಸ್ಕ್ಯಾಗ್ವೇಯಲ್ಲಿ ಒಬ್ಬಳು ಬಿಳಿ ಹುಡುಗಿ ನನ್ನ ಮೈಸೂರು ಸಿಲ್ಕಿನ ಅಂಚು ಮುಟ್ಟಿ ಮುಟ್ಟಿ ನೋಡಿದಳು. ನನ್ನ ತಲೆಯಲ್ಲಿ ಮಂಕಿ ಕ್ಯಾಪ್ ಇತ್ತು. ಅದನ್ನೂ ಮುಟ್ಟಿದಳು.

ಎಚ್‌ಎಸ್‌ಆರ್ ಬಡಾವಣೆ:
ಸೀರೆಗೆ ಮಂಕಿ ಕ್ಯಾಪ್! ಅಜ್ಜಿ, ಫೋಟೊದಲ್ಲಿ ಹೇಗೆ ಕಾಣುತ್ತದೆ ಎಂದಾದರೂ ಯೋಚಿಸಬಾರದೇ?

ಮಲ್ಲೇಶ್ವರದ ಅಜ್ಜಿ:
ನನ್ನ ಕಿವಿಗೆ ಫೋಟೊ ನೋಡುವ ಅಭ್ಯಾಸವಿಲ್ಲ. ಚಳಿಗಾಲದಲ್ಲಿ ರಸ್ತೆ ಬದಿಯ ಟಿಬೆಟನ್ನರ ಹತ್ತಿರ 250ಕ್ಕೆ ತಂದದ್ದು. ನೀನು ಕೊಟ್ಟ ಜಿಪ್ಪಿನ ದಂಡಕ್ಕೆ ಆರು ಬರುತ್ತಿತ್ತು.

ಬನಶಂಕರಿಯ ನಿವೃತ್ತ:
ಭೇಷ್!

ವಿಜಯನಗರದ ಸೊಸೆ:
ಅಜ್ಜಿ, ನಿಮ್ಮದನ್ನು ಅತ್ತೆಯವರಿಗೆ ಓದಿ ಹೇಳಿದೆ. ಲಾಡಿಯ ಉಪಾಯ ಕೇಳಿ ಈಗಲೇ ಒಳಗೆ ಹೋಗಿ ಉಟ್ಟು ನೋಡುತ್ತಿದ್ದಾರೆ. ಸೂಟ್‌ಕೇಸ್ ಒಂದು ಸಾಕೇ ಎಂಬುದಕ್ಕೆ ಯಾರೂ ಹೇಳಲಿಲ್ಲ.

ಬನಶಂಕರಿಯ ನಿವೃತ್ತ:
ಅಮ್ಮಾ, ನನ್ನ ಕೋಟು ಒಂದೇ ಪ್ರವಾಸಕ್ಕೆ ಹಾಕಿದ್ದು. ನಿಮ್ಮ ಯಜಮಾನರಿಗೆ ಆಗುವುದಾದರೆ 4,000ಕ್ಕೆ ಕೊಡುತ್ತೇನೆ. ಪುಕ್ಕ ತುಂಬಿದ ಅಸಲಿ ಮಾಲು.

ತೀರ್ಥಹಳ್ಳಿ ಮೂಲ, ಈಗ ಯಲಹಂಕ:
ಪುಕ್ಕವೇ? ಕೆಚಿಕನ್‌ನಲ್ಲಿ ನೆನೆದರೆ ಒದ್ದೆ ಕೋಳಿ. ಆಮೇಲೆ ಅದಕ್ಕೇ ಒಂದು ಸೂಟ್‌ಕೇಸ್ ಬೇಕು.

ಬನಶಂಕರಿಯ ನಿವೃತ್ತ:
3,500.